ಎಡಚಕ್ರದ ಎರಡು ಪ್ಯಾಡು

ನಮ್ಮ ಅಂಗಡಿ ಕೊಂಡವರ ಸೊಸೆ ಮೊನ್ನೆ ಫೋನ್ ಮಾಡಿದ್ದಳು. ಇನ್ನು ಮುಂದೆ ಕೌಂಟರಿನಲ್ಲಿ ಅವಳೇ ಕೂರುತ್ತಾಳಂತೆ. "ಆಂಟಿ, ಯಾವ ಗಾಡಿಗೆ ಯಾವ ಪಾರ್ಟು ಅಂತ ಎಲ್ಲಾ ಫೋನಿನಾಗೇ ತೋರಸ್ತದ. ಆದ್ರೂ ನೀವು ಏನಾರ ಹೇಳೂದಿದ್ರ ಹೇಳ್ರಿ" ಅಂದಳು. ಹೇಳುವುದು ಬಹಳ ಇದೆ ಅಂದೆ. ಬಾಯಲ್ಲಿ ಹೇಳಹೊರಟರೆ ಮುಖ್ಯವಾದದ್ದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿಬಿಡುತ್ತೇನೆಂದು ನನಗೆ ನನ್ನ ಮೇಲೇ ಅನುಮಾನ. ಅದಕ್ಕೇ ಬರೆಯುತ್ತಿದ್ದೇನೆ.

ಯಲ್ಲಾಪುರದಲ್ಲಿ ಹೆದ್ದಾರಿಗೆ ಮುಖಮಾಡಿದ್ದ ಕಾರಿನ ಬಿಡಿಭಾಗಗಳ ಅಂಗಡಿ ನಮ್ಮದು. ನಾನು ಅಲ್ಲಿ ಕೆಲಸಕ್ಕೆ ಸೇರಿದವಳಲ್ಲ. ನಮ್ಮನೆಯವರು ಮಧ್ಯಾಹ್ನ ಊಟಕ್ಕೆ ಬಂದು ಅರ್ಧ ತಾಸು ಅಡ್ಡಾಗುವಾಗ ಅಂಗಡಿಗೆ ಬೀಗ ಬೀಳದಿರಲಿ ಎಂದು ಹೋಗಿ ಕೂತವಳು. ಆ ಅರ್ಧ ತಾಸು ಮುಗಿಯಲು ಇಪ್ಪತ್ತಾರು ವರ್ಷ ಹಿಡಿಯಿತು. ಕೊನೆಕೊನೆಗೆ ಅವರಿಗೆ ಕಣ್ಣು ಮಂಜಾದ ಮೇಲೆ ಕೌಂಟರು ಪೂರ್ತಿ ನನ್ನದೇ. ಬೆಳಿಗ್ಗೆ ಕುಕ್ಕರಿನ ಮೂರನೆಯ ಸೀಟಿ ಮುಗಿಸಿ ಹೊರಟರೆ ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಮನೆ.

ನಾನು ಶಿರಸಿಯಲ್ಲಿ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಅಲ್ಲಿ ತಿದ್ದಿ ತೀಡಿ ಕಲಿಸಿದ್ದು ಮೂರು: ದುಂಡಗೆ ಬರೆಯುವುದು, ಉಗುರು ಸ್ವಚ್ಛವಾಗಿ ಇಟ್ಟುಕೊಳ್ಳುವುದು, ದೊಡ್ಡವರ ಮಾತಿನ ನಡುವೆ ಬಾಯಿ ಹಾಕದಿರುವುದು. ಉಗುರಿನ ಪಾಠ ಅಂಗಡಿಯ ಮೊದಲ ವಾರವೇ ಗ್ರೀಸಿಗೆ ಹೋಯಿತು. ಬರವಣಿಗೆ ಉಪಯೋಗಕ್ಕೆ ಬಂತು. ಮೂರನೆಯದು ಏನು ಮಾಡಿತು ಎನ್ನುವುದಕ್ಕೇ ಇಷ್ಟೆಲ್ಲ ಬರೆಯುತ್ತಿರುವುದು.

ಮೊದಲು ಒಂದು ಸಣ್ಣ ತಪ್ಪಿನ ಕಥೆ. ಕೂತ ಹೊಸತರಲ್ಲಿ ಒಬ್ಬರು ಬಂದು ಕಾರಿನ ಹೆಸರು ಹೇಳಿ ಮುಂದಿನ ಬ್ರೇಕ್ ಪ್ಯಾಡು ಕೇಳಿದರು. ಡಬ್ಬಿಯ ಮೇಲೆ ಅದೇ ಕಾರಿನ ಹೆಸರಿತ್ತು, ಕೊಟ್ಟೆ. ಒಂದು ತಾಸಿನಲ್ಲಿ ಎದುರು ಗ್ಯಾರೇಜಿನ ಪಾಂಡು ಮೇಸ್ತ್ರಿ ಅದೇ ಡಬ್ಬಿ ಹಿಡಿದು ರಸ್ತೆ ದಾಟಿ ಬಂದ.

"ಏನ್ರಿ ಅಕ್ಕೋರೆ, ಇದು ಅಪ್ಪನ ಚಪ್ಪಲಿ. ಮಗನ ಕಾಲಿಗೆ ಕೊಟ್ಟೀರಿ."

ಕಾರಿನ ಹೆಸರು ಒಂದೇ, ಆದರೆ ಹಳೆಯ ಮಾದರಿ ಬೇರೆ, ಹೊಸ ಮಾದರಿ ಬೇರೆ. ಅಷ್ಟು ನನಗೆ ಗೊತ್ತಿರಲಿಲ್ಲ. ಗ್ಯಾರೇಜಿನ ಮುಂದೆ ಜಾಕಿನ ಮೇಲೆ ನಿಂತ ಕಾರು, ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ ಅದರ ಮಾಲಿಕರು, ಅವರ ಕೈಯಲ್ಲಿ ಮದುವೆ ಉಡುಗೊರೆಯ ಪೊಟ್ಟಣ. ನಾಚಿಕೆಯಿಂದ ನನಗೆ ಅತ್ತ ನೋಡಲೂ ಆಗಲಿಲ್ಲ. ಪಾಂಡು ನನ್ನನ್ನು 'ಅಕ್ಕೋರೆ' ಎಂದು ಕರೆಯುತ್ತಿದ್ದ. ನಮ್ಮ ಕಡೆ ಶಾಲೆಯ ಟೀಚರಮ್ಮನವರನ್ನು ಹಾಗೆ ಕರೆಯುವುದು. ನಾನು ಡಬ್ಬಿಯ ಮೇಲಿನ ಇಂಗ್ಲಿಷನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದೆನಲ್ಲ, ಅದಕ್ಕೆ. ಅದರಲ್ಲಿ ಸ್ವಲ್ಪ ಗೌರವ, ಸ್ವಲ್ಪ ಚೇಷ್ಟೆ.

ಆ ದಿನದಿಂದ ನಾನೊಂದು ರೂಢಿ ಮಾಡಿಕೊಂಡೆ. ಹಳೆಯ ಪ್ಯಾಡು ತರದೆ ಹೊಸದು ಕೊಡುತ್ತಿರಲಿಲ್ಲ. ತಂದದ್ದನ್ನು ಮಕ್ಕಳ ಡ್ರಾಯಿಂಗ್ ಪುಸ್ತಕದ ಮೇಲೆ ಮಲಗಿಸಿ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳುವುದು. ಆಮೇಲೆ ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಇನ್ನೊಂದು ಗೆರೆ, ದಪ್ಪ ಎಷ್ಟು ಉಳಿದಿದೆ ಎಂದು ತಿಳಿಯಲು. ಪಕ್ಕದಲ್ಲಿ ಗಾಡಿ ಯಾರದು, ನಿತ್ಯ ಎಲ್ಲಿಗೆ ಓಡುತ್ತದೆ, ಯಾರು ಓಡಿಸುತ್ತಾರೆ ಎಂದು ಎರಡು ಸಾಲು. ಎಡಚಕ್ರದ್ದು ಯಾವುದು, ಬಲಚಕ್ರದ್ದು ಯಾವುದು ಎಂದು ಹಿಂಬದಿಗೆ ಸೀಮೆಸುಣ್ಣದಲ್ಲಿ ಬರೆದು ಕಳಿಸಬೇಕೆಂದು ಪಾಂಡುವಿಗೆ ಹೇಳಿದ್ದೆ. "ನಿಮ್ಮ ಶಾಲಿಗೆ ಹೆಸರು ಹಚ್ಚಿದಂಗಾತು ನಂದು" ಎಂದು ಗೊಣಗಿದ, ಆದರೆ ಬರೆದು ಕಳಿಸಿದ. ಹತ್ತೊಂಬತ್ತು ಪುಸ್ತಕ ತುಂಬಿದವು. ಈಗ ಫೋನಿನಲ್ಲಿ ಚಿತ್ರ ಹೊಡೆದು ಕಳಿಸುತ್ತಾರೆ. ಚಿತ್ರದಲ್ಲಿ ಆಕಾರ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಅದೊಂದು ಗಮನದಲ್ಲಿರಲಿ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮುಂದಿನ ಪ್ರತಿ ಚಕ್ರದೊಳಗೆ ಒಂದು ಉಕ್ಕಿನ ತಟ್ಟೆ ತಿರುಗುತ್ತದೆ. ನಾವು ಬ್ರೇಕು ಒತ್ತಿದಾಗ ಅದನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಎರಡು ಪ್ಯಾಡು ಇರುತ್ತವೆ, ಒಳಗಡೆಯದೊಂದು, ಹೊರಗಡೆಯದೊಂದು. ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿದ ಹಾಗೆ. ಎರಡು ಚಕ್ರಕ್ಕೆ ನಾಲ್ಕು. ಸವೆಯುವುದೇ ಅವುಗಳ ಕೆಲಸ.

ಆರಿಸುವುದು ಹೇಗೆ ಎಂದರೆ, ಕಾರನ್ನು ಕೇಳಬೇಡಿ, ರಸ್ತೆಯನ್ನು ಕೇಳಿ. ಮೆದು ಜಾತಿಯ ಪ್ಯಾಡು ಸದ್ದು ಮಾಡುವುದಿಲ್ಲ, ಪೇಟೆಯೊಳಗೆ ಸುಖ. ಆದರೆ ಘಟ್ಟ ಇಳಿಯುವಾಗ ಒತ್ತಿ ಒತ್ತಿ ಕಾದರೆ ಹಿಡಿತ ಸಡಿಲುತ್ತದೆ. ಗಟ್ಟಿ ಜಾತಿಯದು ಕಾವು ತಡೆಯುತ್ತದೆ, ಬೆಳಗಿನ ಥಂಡಿಯಲ್ಲಿ ಕಿರುಗುಟ್ಟುತ್ತದೆ, ತಟ್ಟೆಯನ್ನೂ ಸ್ವಲ್ಪ ತಿನ್ನುತ್ತದೆ. ನಿತ್ಯ ಅಂಕೋಲೆಗೆ ಇಳಿದು ಹತ್ತುವವರಿಗೆ ಮೆದುವಾದದ್ದು ಕೊಡಬಾರದು. ನಿತ್ಯ ಮನೆಯಿಂದ ಬ್ಯಾಂಕಿಗೆ ಹೋಗಿಬರುವವರಿಗೆ ಬಹಳ ಗಟ್ಟಿಯದು ಬೇಡ. ಜನ ಸುಳ್ಳು ಹೇಳುವುದಿಲ್ಲ, ಆದರೆ ಮರೆಯುತ್ತಾರೆ. "ಘಟ್ಟಕ್ಕೆಲ್ಲ ಹೋಗೂದಿಲ್ರಿ" ಎನ್ನುತ್ತಾರೆ. ತವರುಮನೆ ಎಲ್ಲಿ ಎಂದು ಕೇಳಿದರೆ ಘಟ್ಟದ ಕೆಳಗಿನ ಕುಮಟಾ!

ಗುತ್ತಿಗೆದಾರರೊಬ್ಬರು ನನ್ನ ಮಾತು ಕೇಳದೆ ಹಟ ಹಿಡಿದು ಅತಿ ಗಟ್ಟಿಯದನ್ನೇ ಒಯ್ದರು. ವಾರದ ಮೇಲೆ ಬಂದರು, ಮುಖ ಊದಿತ್ತು.

"ಹರಕೆ ಗಂಟೆ ಕಟ್ಟೂಕೆ ಚಂದಗುಳಿಗೆ ಹೋಗಿದ್ದೆ ಮಾರಾಯ್ರೆ. ಗುಡಿ ಮುಂದೆ ಗಾಡಿ ನಿಲ್ಸೂಕೆ ಬ್ರೇಕು ಒತ್ತಿದ್ದೇ ಒತ್ತಿದ್ದು, ಕಿರ್ರೋ ಅಂತು, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದ್ರು. ಭಟ್ರು ಹೇಳಿದ್ರು, ನೀವು ಹರಕೆಗೆ ಗಂಟೆ ಕಟ್ಟೂದು ಬ್ಯಾಡ, ಗಾಡಿನೇ ಕಟ್ಟಿ ಹೋಗಿ ಅಂತ."

ನಗು ಬಂತು. ಅಂಗಡಿಯಲ್ಲಿ ನಕ್ಕ ದಿನಗಳೂ ಇದ್ದವು ಎಂದು ತಿಳಿಯಲೆಂದೇ ಇದನ್ನು ಬರೆದೆ.

ಆ ಅಂಗಡಿಯಲ್ಲಿ ನನಗೆ ಮೇಲಧಿಕಾರಿ ಎಂದರೆ ನಮ್ಮನೆಯವರು, ಶ್ರೀಪಾದ. ಬೈಯುವವರಲ್ಲ. ಆದರೆ ಅವರದೊಂದು ಕಾಯಿದೆ ಇತ್ತು. ಅದು ನನಗೆ ತಿಳಿದದ್ದು ಹೀಗೆ. ಒಂದು ಮಧ್ಯಾಹ್ನ ಬಿಡುವಿನಲ್ಲಿ ಪಾಂಡು ಕೌಂಟರಿನ ಮುಂದೆ ಚಹಾ ಕುಡಿಯುತ್ತ ಯಾರದೋ ಗಾಡಿಯ ಹಳೆಯ ಪ್ಯಾಡು ತೋರಿಸಿದ. ಒಂದು ಪೂರಾ ತಿಂದುಹೋಗಿತ್ತು. ಅದರ ಜೋಡಿಯದು ಹೊಸದರ ಹಾಗೇ ಇತ್ತು.

"ನೋಡ್ರಿ ಅಕ್ಕೋರೆ, ನೀವು ಗೆರೆ ಹೊಡೀತೀರಿ, ಇದರದೂ ಹೊಡೀರಿ. ಒಂದೇ ಚಕ್ರದ್ದು ಎರಡು. ಒಂದು ತೆಳು, ಒಂದು ದಪ್ಪ ಆತು ಅಂದ್ರೆ ಪ್ಯಾಡಿನ ತಪ್ಪಲ್ಲ. ಹಿಂದೆ ಅದನ್ನ ಸರಿಸೋ ಪಿನ್ನು ಇರ್ತದೆ, ಅದು ತುಕ್ಕು ಹಿಡಿದು ಸಿಕ್ಕಾಕ್ಕೊಂಡದೆ. ಆ ಚಕ್ರ ಅರ್ಧ ಮಾತ್ರ ಹಿಡೀತದೆ. ಜೋರಾಗಿ ಒತ್ತಿದ್ರೆ ಗಾಡಿ ಇನ್ನೊಂದು ಬದಿಗೆ ಎಳೀತದೆ. ಪಿನ್ನು ಬಿಚ್ಚಿ, ತಿಕ್ಕಿ, ಗ್ರೀಸ್ ಹಚ್ಚದೆ ಬರೇ ಹೊಸ ಪ್ಯಾಡು ಹಾಕಿದ್ರೆ ಏನೂ ಹಾಕಿದಂಗಲ್ಲ."

ಅಷ್ಟು ಚೆನ್ನಾಗಿ ಕಲಿಸಿದವನು ಅವನೇ. ಇದನ್ನು ಮರೆಯದೆ ಓದಬೇಕು.

ಕೆಲವು ತಿಂಗಳ ಮೇಲೆ ಅರಣ್ಯ ಇಲಾಖೆಯವರೊಬ್ಬರು ಅಂಥದೇ ಜೋಡಿ ತಂದರು. ಪಾಂಡುವಿನ ಗ್ಯಾರೇಜಿನಿಂದಲೇ. ಕಲಿತ ಪಾಠ ಒಪ್ಪಿಸುವ ಹುರುಪಿನಲ್ಲಿ ನಾನು, "ನಿಮ್ಮ ಪಿನ್ನು ಸಿಕ್ಕಿಹಾಕಿಕೊಂಡಿದೆ, ಮೇಸ್ತ್ರಿಗೆ ಬಿಚ್ಚಿ ನೋಡಲು ಹೇಳಿ" ಎಂದೆ. ಅವರು ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿಗೆ, "ಅಂಗಡಿಯ ಹೆಂಗಸಿಗೆ ಗೊತ್ತಾಗಿದ್ದು ನಿನಗೆ ಗೊತ್ತಾಗಿಲ್ಲೇನೋ?" ಎಂದು ಪಾಂಡುವಿಗೆ ಗದರಿದರಂತೆ. ಪಾಂಡು ನನಗೆ ಏನೂ ಅನ್ನಲಿಲ್ಲ. ಆದರೆ ಎರಡು ತಿಂಗಳು ಅವನ ಗ್ಯಾರೇಜಿನಿಂದ ನಮ್ಮ ಅಂಗಡಿಗೆ ಒಬ್ಬ ಮನುಷ್ಯನೂ ರಸ್ತೆ ದಾಟಿ ಬರಲಿಲ್ಲ. ಎಲ್ಲರೂ ಬಸ್‌ಸ್ಟ್ಯಾಂಡಿನ ಹತ್ತಿರದ ಇನ್ನೊಂದು ಅಂಗಡಿಗೆ. ಬಿಡಿಭಾಗದ ಅಂಗಡಿ ನಡೆಯುವುದು ಗಿರಾಕಿಯಿಂದಲ್ಲ, ಮೇಸ್ತ್ರಿಯಿಂದ. ಯಾವ ಅಂಗಡಿಗೆ ಹೋಗಬೇಕೆಂದು ಹೇಳಿ ಕಳಿಸುವವನು ಅವನು.

ನಮ್ಮನೆಯವರು ಒಂದು ದಿನ ಊಟಕ್ಕೆ ಕೂತವರು ಮಜ್ಜಿಗೆ ಬಡಿಸುವಾಗ ಹೇಳಿದರು.

"ನೋಡು ಮಾರಾಯ್ತಿ, ನಮ್ಮ ಕೆಲ್ಸ ಸಾಮಾನು ಕೊಡೂದು. ಸರಿಯಾದ್ದು ಕೊಡು, ಅಷ್ಟೇಯ. ಮೇಸ್ತ್ರಿ ಕೆಲ್ಸಕ್ಕೆ ಬಾಯಿ ಹಾಕಡ. ಗಿರಾಕಿ ಮುಂದಂತೂ ಬೇಡ್ವೇ ಬೇಡ."

"ಅದು ಖರೇ ಇದ್ದಿತ್ತಲ್ದ?"

"ಖರೇ ಇದ್ರೂವ."

ನನಗೆ ಅದು ಹೊಸ ಪಾಠ ಅನ್ನಿಸಲೇ ಇಲ್ಲ. ಮೂರನೆಯ ಕ್ಲಾಸಿನಿಂದ ಕಲಿತದ್ದೇ. ನಾಲ್ಕು ದಿನದ ಮೇಲೆ ಪಾಂಡುವಿಗೆ ಒಂದು ಡಬ್ಬಿ ಬೆಲ್ಲದ ಅತ್ರಾಸ ಕರಿದು ಕಳಿಸಿದೆ. ಮರುದಿನ ತೊಳೆದ ಡಬ್ಬಿಯ ಜೊತೆ ಒಬ್ಬ ಗಿರಾಕಿ ಬಂದ.

ಈಗ ವಿಜಯಾ.

ವಿಜಯಾ ನಮ್ಮನೆಯವರ ದೂರದ ಸಂಬಂಧ, ಅವರ ಮನೆಮಾತಿನಲ್ಲೇ 'ನಾನು' ಎನ್ನಲು 'ಆನು' ಎನ್ನುವವಳು, ಮದುವೆಯಾಗಿರಲಿಲ್ಲ. ಯಲ್ಲಾಪುರದಲ್ಲಿ ಅಮ್ಮನ ಜೊತೆ ಇದ್ದಳು. ಶಿರಸಿ ರಸ್ತೆಯಲ್ಲಿ ಮಂಚೀಕೇರಿಯ ಆಚೆಗಿನ ಒಂದು ಶಾಲೆಯಲ್ಲಿ ಗಣಿತದ ಟೀಚರು. ಬಸ್ಸಿನ ಸಮಯ ಹೊಂದದೆ ಒಂದು ಸಣ್ಣ ಕಾರು ಕೊಂಡಿದ್ದಳು, ನೀಲಿಯದು, ಎರಡನೆಯ ಕೈಯದು. ಅವಳ ಅಣ್ಣ ನರಸಿಂಹನಿಗೆ ಅದು ಮೊದಲಿನಿಂದಲೂ ಸರಿಬರುತ್ತಿರಲಿಲ್ಲ. "ತಂಗಿಗೆ ಎಂತಕ್ಕೆ ಕಾರು" ಎನ್ನುತ್ತಿದ್ದ. ಅವಳು ಗಾಡಿ ಓಡಿಸುವುದನ್ನು ನಾನು ಕೌಂಟರಿನಿಂದ ನಿತ್ಯ ನೋಡುತ್ತಿದ್ದೆ. ಹಿಂದಿನವರಿಗೆ ಕೈ ತೋರಿಸಿ, ಕನ್ನಡಿ ನೋಡಿ, ಲಾರಿಗಳು ಪೂರ್ತಿ ದಾಟಿದ ಮೇಲೆಯೇ ರಸ್ತೆಗೆ ಇಳಿಯುವಳು. ಲೆಕ್ಕದ ಟೀಚರು ಬೋರ್ಡಿನ ಮೇಲೆ ಗೆರೆ ಎಳೆದ ಹಾಗೆ.

ಒಂದು ಬೆಳಿಗ್ಗೆ ಅವಳು ವರ್ತಮಾನ ಪತ್ರಿಕೆಯಲ್ಲಿ ಸುತ್ತಿದ ನಾಲ್ಕು ಹಳೆಯ ಪ್ಯಾಡು ಹಿಡಿದು ಬಂದಳು.

"ಶಾಲಿನಕ್ಕಾ, ಇದ್ರಂಥದ್ದೇ ಕೊಡು. ಪಾಂಡು ಮೇಸ್ತ್ರಿ ಗಾಡಿ ಎತ್ತಿಟ್ಟು ಕಳ್ಸಿದ್ದ. ಆನು ಎರಡ್ನೇ ಪೀರಿಯಡ್ಡಿಗಾದ್ರೂ ಶಾಲೆ ಮುಟ್ಟವು."

"ನಿತ್ಯ ಮಂಚೀಕೇರಿ ಬದಿಗೇ ಅಲ್ದ? ಬೇರೆ ಎಲ್ಲಿಗೆ ಹೋಗ್ತೆ?"

"ಅಮ್ಮನ್ನ ಕಣ್ಣಿಗೆ ತೋರ್ಸಲೆ ಶಿರಸಿಗೆ ಕರ್ಕಂಡು ಹೋಗ್ತೆ. ಅಕ್ಕಾ, ಸದ್ದು ಮಾಡೂದು ಮಾತ್ರ ಬೇಡ. ಕಿರ್ ಅಂದ್ರೆ ಸಾಕು, ಅಮ್ಮ ಸೀಟು ಗಟ್ಟಿ ಹಿಡ್ಕಂಡು, 'ಕೂಸೇ, ಎಂತೋ ಸಿಕ್ಕತು, ನಿಲ್ಸು ನಿಲ್ಸು' ಹೇಳ್ತು. ಇಡೀ ದಾರಿ ಆನು ಎಂತದೂ ಸಿಕ್ಕಿದ್ದಿಲ್ಲೆ ಹೇಳ್ತಾ ಹೋಪದು."

ಇಬ್ಬರೂ ನಕ್ಕೆವು. ಅವಳ ಸೀರೆಗೆ ತಾಗದಂತೆ ನಾನು ಪತ್ರಿಕೆ ಬಿಚ್ಚಿ ಪ್ಯಾಡುಗಳನ್ನು ಸಾಲಾಗಿ ಇಟ್ಟೆ. ಬಲಚಕ್ರದ ಎರಡೂ ಒಂದೇ ಸಮ ಸವೆದಿದ್ದವು. ಎಡಚಕ್ರದ್ದು ಒಂದು ದಪ್ಪ, ಒಂದು ತೆಳು. ಒಳಗಿನದು ಉಕ್ಕಿನ ಹಲಗೆಯವರೆಗೆ ತಿಂದಿತ್ತು. ಹೊರಗಿನದರ ಮೇಲೆ ಕಂಪನಿಯ ಅಕ್ಷರ ಕೂಡ ಅಳಿದಿರಲಿಲ್ಲ. ಗೆರೆ ಎಳೆದುಕೊಂಡೆ. ಎಳೆಯುತ್ತ ಎಳೆಯುತ್ತ ನನಗೆ ಪೂರ್ತಿ ಗೊತ್ತಾಗಿತ್ತು.

ನಾನು ನೋಡುವುದನ್ನು ಅವಳೂ ನೋಡಿದಳು.

"ಇದೊಂದು ಎಂತಕ್ಕೆ ಹಿಂಗೆ ಸವದ್ದು?"

ಆಚೆ ಮೇಜಿನಲ್ಲಿ ನಮ್ಮನೆಯವರು ತಲೆ ಎತ್ತಿದರು. ರಸ್ತೆಯಾಚೆ ಗ್ಯಾರೇಜಿನಲ್ಲಿ ಪಾಂಡು ನಮ್ಮ ಕಡೆಗೇ ಮುಖ ಮಾಡಿ, ಕೈ ಒರೆಸಿಕೊಳ್ಳುತ್ತ, ಪ್ಯಾಡಿಗೆ ಕಾಯುತ್ತಿದ್ದ. ಅವನ ಹಿಂದೆ ಮೂರು ಗಾಡಿ ಸರತಿಯಲ್ಲಿದ್ದವು.

"ಒಂದೊಂದ್ ಸಲ ಹಂಗೆ ಆಗ್ತು" ಅಂದೆ.

ಅಷ್ಟೇ. ಕೂತ ಅಷ್ಟು ವರ್ಷದಲ್ಲಿ ನಾನು ಕೌಂಟರಿನಲ್ಲಿ ಹೇಳಿದ ಒಂದೇ ಸುಳ್ಳು ಅದು.

ಆಮೇಲೆ ನಾನು ಮಾಡಿದ್ದು ಇದು. ಪ್ಯಾಡು ಆರಿಸಲು ಇಡೀ ಇಪ್ಪತ್ತು ನಿಮಿಷ ತೆಗೆದುಕೊಂಡೆ. ಮೆದುವಾದದ್ದು ಬೇಡ, ದಾರಿಯಲ್ಲಿ ಇಳಿಜಾರಿದೆ. ತೀರ ಗಟ್ಟಿಯದೂ ಬೇಡ, ಅಮ್ಮ ಹೆದರುತ್ತಾರೆ. ನಡುವಿನ ಜಾತಿಯದನ್ನು ಹುಡುಕಿ, ಡಬ್ಬಿಯ ಮುದ್ರೆ ಅಸಲಿಯೋ ಎಂದು ಬೆಳಕಿಗೆ ಹಿಡಿದು, ಆಕಾರವನ್ನು ಗೆರೆಯ ಮೇಲೆ ಇಟ್ಟು ನೋಡಿ, ಸದ್ದು ತಡೆಯುವ ತೆಳು ತಗಡು ಇದೆಯೋ ಎಂದು ತಡವಿ ಕೊಟ್ಟೆ. ನನ್ನ ಜನ್ಮದಲ್ಲಿ ಅಷ್ಟು ಸರಿಯಾಗಿ ಪ್ಯಾಡು ಆರಿಸಿದ್ದಿಲ್ಲ. ಸುಮ್ಮನಿದ್ದುದಕ್ಕೆ ಪ್ರಾಯಶ್ಚಿತ್ತ ಎಂಬಂತೆ. ವಿಜಯಾ, "ನೀ ಸೊಸೆ ಹುಡುಕಿದಂಗೆ ಹುಡುಕ್ತೆ ಅಕ್ಕಾ" ಎಂದು ನಕ್ಕು ರಸ್ತೆ ದಾಟಿದಳು. ಇಪ್ಪತ್ತೈದು ನಿಮಿಷದಲ್ಲಿ ನೀಲಿ ಕಾರು ಜಾಕಿನಿಂದ ಇಳಿಯಿತು. ಪಿನ್ನು ಬಿಚ್ಚಿ ತಿಕ್ಕುವುದಿದ್ದರೆ ಅಷ್ಟು ಬೇಗ ಮುಗಿಯುವ ಕೆಲಸವಲ್ಲ. ಗಡಿಯಾರ ನನ್ನ ತಲೆಯ ಮೇಲೇ ಇತ್ತು.

ಐದು ತಿಂಗಳ ಮೇಲೆ, ಶಿರಸಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲಿ, ಒಂದು ತಿರುವಿನಲ್ಲಿ ಎಮ್ಮೆಯೊಂದು ರಸ್ತೆಗೆ ಬಂತು. ವಿಜಯಾ ಬ್ರೇಕು ಒತ್ತಿದಳು. ಕಾರು ಬಲಕ್ಕೆ ಹೊರಳಿ ಎದುರಿನಿಂದ ಬರುತ್ತಿದ್ದ ಲಾರಿಯ ಕೆಳಗೆ ಮೂತಿ ತೂರಿತು. ಅಮ್ಮ ಅಲ್ಲಿಯೇ ಹೋದರು. ಅವಳಿಗೆ ಕೈ ಮುರಿಯಿತು, ಹಲ್ಲು ಹೋದವು. ಕಾರಿನ ಮುಂಭಾಗ ಏನೂ ಗುರುತು ಸಿಗದಂತೆ ಅಪ್ಪಚ್ಚಿಯಾಗಿತ್ತು. ಒಣಗಿದ ರಸ್ತೆ, ನಿಚ್ಚಳ ಹಗಲು. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಹೆಂಗಸು, ಗಾಬರಿಬಿದ್ದು ಸ್ಟೇರಿಂಗ್ ತಿರುಗಿಸಿದ್ದಾಳೆ.

ಹದಿಮೂರನೆಯ ದಿನದ ಊಟಕ್ಕೆ ನಾವು ಹೋದೆವು. ವಿಜಯಾ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಕೈಗೆ ಪ್ಲಾಸ್ಟರು. ಹೊರಗೆ ಜಗಲಿಯಲ್ಲಿ ನರಸಿಂಹ ಯಾರಿಗೋ ಹೇಳುತ್ತಿದ್ದುದು ಬಾಗಿಲಿನಿಂದ ಕೇಳುತ್ತಿತ್ತು. "ಆನು ಕಾರು ಬೇಡ ಹೇಳಿದ್ದಿ. ಅಮ್ಮನ್ನ ತಿಂದ್ಕಂಡತು."

ನನ್ನನ್ನು ಕಂಡದ್ದೇ ಅವಳು ಇದ್ದೊಂದು ಕೈಯಿಂದ ನನ್ನ ಸೆರಗು ಹಿಡಿದುಕೊಂಡಳು.

"ಅಕ್ಕಾ, ನೀನಾದ್ರೂ ಕೇಳು. ಆನು ಸ್ಟೇರಿಂಗ್ ತಿರುಗ್ಸಿದ್ದಿಲ್ಲೆ. ಬ್ರೇಕು ಒತ್ತಿದಿ, ಗಟ್ಟಿ ಒತ್ತಿದಿ. ಗಾಡಿ ತನ್ನಷ್ಟಕ್ಕೇ ಬಲಕ್ಕೆ ಹೋತು. ನಂಗೆ ನೆಂಪಿದ್ದು. ಯಾರೂ ನಂಬ್ತ್ವಿಲ್ಲೆ."

ಎಡಚಕ್ರ ಅರ್ಧ ಹಿಡಿದರೆ ಗಾಡಿ ಬಲಕ್ಕೆ ಎಳೆಯುತ್ತದೆ. ಅವಳು ಹೇಳುತ್ತಿದ್ದುದು ಪಾಂಡು ಚಹಾ ಕುಡಿಯುತ್ತ ಹೇಳಿದ ಮಾತೇ. ನಾನು ಅವಳ ತಲೆ ಸವರಿ, ಬಹಳ ಮೆದುವಾಗಿ, ಬಹಳ ಪ್ರೀತಿಯಿಂದ ಹೇಳಿದೆ:

"ಹೆದ್ರಿಕೇಲಿ ಕೈ ತಿರುಗಿರ್ತು ತಂಗೀ. ಯಾರಿಗಾದ್ರೂ ಹಂಗೇ ಆಗ್ತಿತ್ತು. ನಿನ್ನ ತಪ್ಪು ಹೇಳಿ ಅಲ್ಲ."

ಅವಳು ಸೆರಗು ಬಿಟ್ಟಳು.

ಆ ನಂತರ ಅವಳು ಆ ಮಾತು ಆಡುವುದನ್ನು ಯಾರೂ ಕೇಳಲಿಲ್ಲ. ವರ್ಗ ಮಾಡಿಸಿಕೊಂಡು ಸಿದ್ದಾಪುರದ ಕಡೆ ಹೋದಳು. ಮತ್ತೆ ಗಾಡಿ ಮುಟ್ಟಲಿಲ್ಲವಂತೆ. ಅಣ್ಣ ಅವಳ ಮನೆ ಮೆಟ್ಟಿಲು ಹತ್ತಲಿಲ್ಲ. ಅಮ್ಮನ ವರ್ಷಾಂತಕ್ಕೆ ಅವಳನ್ನು ಕರೆದೂ ಕರೆಯದ ಹಾಗೆ ಕರೆದನಂತೆ.

ಆ ಊಟದ ಮರುದಿನ ಅಂಗಡಿಯಲ್ಲಿ ನಾನು ನಮ್ಮನೆಯವರಿಗೆ ಪುಸ್ತಕದ ಆ ಹಾಳೆ ತೋರಿಸಿದೆ. ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಪ್ಯಾಡು ಸರಿಯಾದ್ದೇ ಕೊಟ್ಟಿದ್ದೆ ಅಲ್ದ?" ಎಂದು ಕೇಳಿದರು. ಹೌದು ಅಂದೆ. "ಹಂಗಾದ್ರೆ ಸುಮ್ನಿರು" ಅಂದರು. ಅವರ ದನಿಯಲ್ಲಿ ಅಧಿಕಾರ ಇರಲಿಲ್ಲ, ಬೇಡುವ ಹಾಗಿತ್ತು. ಪುಸ್ತಕವನ್ನು ಡ್ರಾಯರಿನ ತಳಕ್ಕೆ ಹಾಕಿದೆ.

ಪಾಂಡುವಿಗೂ ಗೊತ್ತಿತ್ತೇ? ಅಪಘಾತದ ನಂತರದ ವಾರ ಅವನು ಬಂದು ಕೌಂಟರಿನ ಮುಂದೆ ನಿಂತ. ಚೇಷ್ಟೆಯಿಲ್ಲ, ಅಕ್ಕೋರೆ ಇಲ್ಲ. "ಪಿನ್ನಿಗೆ ಹಚ್ಚೋ ಗ್ರೀಸು ಕೊಡ್ರಿ. ದೊಡ್ಡ ಡಬ್ಬಿ" ಅಂದ. ಅಲ್ಲಿಂದ ಮುಂದೆ ಅವನ ಗ್ಯಾರೇಜಿನಲ್ಲಿ ಪ್ಯಾಡು ಬದಲಿಸಲು ಹಿಡಿಯುವ ಹೊತ್ತು ಎರಡರಷ್ಟಾಯಿತು. ಗಿರಾಕಿಗಳು ಗೊಣಗಿದರೆ "ಬ್ಯಾರೆ ಕಡೆ ಹೋಗ್ರಿ" ಎನ್ನುತ್ತಿದ್ದ. ರಸ್ತೆಯ ಆಚೆ ಅವನು, ಈಚೆ ನಾನು, ಹನ್ನೊಂದು ವರ್ಷ ಹಾಗೆಯೇ ಇದ್ದೆವು. ನಾನು ಡಬ್ಬಿ ಕೊಡುತ್ತಿದ್ದೆ, ಅವನು ಒಯ್ಯುತ್ತಿದ್ದ. ಆ ಮಾತು ಮಾತ್ರ ಇಬ್ಬರ ಬಾಯಿಂದಲೂ ಬರಲಿಲ್ಲ.

ಕಳೆದ ವರ್ಷ ನಮ್ಮನೆಯವರು ಹೋದರು. ಅಂಗಡಿ ಕೊಟ್ಟೆ. ಕೊಂಡವರು ಡ್ರಾಯರು ಖಾಲಿ ಮಾಡುವಾಗ ಹತ್ತೊಂಬತ್ತು ಪುಸ್ತಕ ನೋಡಿ, "ಇವೆಲ್ಲ ರದ್ದಿಗೆ ಹಾಕೂದೇನ್ರಿ?" ಎಂದು ಕೇಳಿದರು. ಹದಿನೆಂಟು ಹಾಕಿ ಅಂದೆ.

ಉಳಿದ ಒಂದನ್ನು ಚೀಲದಲ್ಲಿಟ್ಟುಕೊಂಡು ಮೊದಲು ಪಾಂಡುವಿನ ಮನೆಗೆ ಹೋದೆ. ಗ್ಯಾರೇಜು ಬಿಟ್ಟಿದ್ದಾನೆ, ಕೈ ನಡುಗುತ್ತದೆ. ಹಾಳೆ ತೋರಿಸಬೇಕಾಗಲೇ ಇಲ್ಲ. ಪುಸ್ತಕ ಕಂಡದ್ದೇ ಹೇಳಿದ.

"ಪಿನ್ನು ಬಿಗಿ ಇದ್ದಿದ್ದು ನನಗೂ ಕಂಡಿತ್ತು ಅಕ್ಕೋರೆ. ಗಾಡಿ ಸಾಲು ನಿಂತಿದ್ವು. ಮುಂದಿನ ಸಲ ಬಂದಾಗ ಮಾಡಿದ್ರಾತು ಅಂತ ಬಿಟ್ಟೆ." ಆಮೇಲೆ, "ನೀವು ಆವತ್ತು ಏನಾರ ಹೇಳ್ತೀರಿ ಅಂತ ನಾ ಈ ಕಡೆ ನಿಂತು ನೋಡ್ತಿದ್ದೆ. ಹೇಳಿದ್ರೆ ಮಾಡಲೇಬೇಕಾಗ್ತಿತ್ತು" ಅಂದ.

ಬರೆ ಎಳೆದ ಹಾಗಾಯಿತು. ನಾನು ಬಾಯಿ ಹಾಕಿದರೆ ಸಿಟ್ಟಿಗೇಳಲೆಂದೇ ಅವನು ಆವತ್ತು ನೋಡುತ್ತಿದ್ದಾನೆಂದು ನಾನು ತಿಳಿದಿದ್ದೆ.

"ಸಿದ್ದಾಪುರಕ್ಕೆ ಹೋಗ್ತೇನೆ" ಅಂದೆ.

"ಹೋಗ್ರಿ. ನನ್ನ ಹೆಸರು ಹೇಳ್ರಿ."

ವಿಜಯಾಳ ಬಾಡಿಗೆ ಮನೆ ಬಸ್ಸಿಳಿದು ಹತ್ತು ನಿಮಿಷದ ದಾರಿ. ಕೂದಲು ನನಗಿಂತ ಹೆಚ್ಚು ಬಿಳಿಯಾಗಿತ್ತು. ಕಂಡದ್ದೇ ಖುಷಿಪಟ್ಟಳು. "ಬಾ ಅಕ್ಕಾ, ಕೂತ್ಕ. ಆಸರಿಗೆ ಕುಡಿಯಲೆ ಎಂತ ಬೇಕು? ಶರಬತ್ತು ಮಾಡ್ತೆ" ಎಂದು ಒಳಗೆ ಹೋಗಿ ಲಿಂಬೆಹಣ್ಣು ಹೆಚ್ಚತೊಡಗಿದಳು. ನಾನು ಅಡಿಗೆಮನೆಯ ಬಾಗಿಲಿಗೇ ಹೋಗಿ, ಕೂತರೆ ಧೈರ್ಯ ಹೋದೀತೆಂದು ನಿಂತೇ ಪುಸ್ತಕ ತೆರೆದೆ. ಎಡಚಕ್ರ, ಒಳಗಿನದು. ಎಡಚಕ್ರ, ಹೊರಗಿನದು. ಪಕ್ಕದಲ್ಲಿ ನನ್ನ ದುಂಡಗಿನ ಅಕ್ಷರ: ವಿಜಯಾ ಟೀಚರ್, ಮಂಚೀಕೇರಿ ದಾರಿ, ಅಮ್ಮ ಜೊತೆಗೆ, ಸದ್ದು ಬೇಡ. ಎಲ್ಲ ಹೇಳಿದೆ. ಪಾಂಡುವಿನ ಹೆಸರು ಹೇಳಿದೆ. ಮೊದಲು ನನ್ನದು ಹೇಳಿದೆ.

ಅವಳು ಚೂರಿ ಕೆಳಗಿಟ್ಟು ಕೈ ಒರೆಸಿಕೊಂಡು ಹಾಳೆಯ ಮೇಲೆ ಬೆರಳಿಟ್ಟಳು. ದಪ್ಪ ಗೆರೆಯ ಮೇಲೆ ಒಂದು ಬೆರಳು, ತೆಳು ಗೆರೆಯ ಮೇಲೆ ಇನ್ನೊಂದು. ಮಕ್ಕಳ ಲೆಕ್ಕ ತಿದ್ದುವಾಗ ಇಡುವಂತೆ.

"ತನ್ನಷ್ಟಕ್ಕೇ ಬಲಕ್ಕೆ ಹೋತು" ಅಂದಳು, ನನಗಲ್ಲ.

ಆಮೇಲೆ ತಲೆ ಎತ್ತಿದಳು. "ಅಮ್ಮನ ಹದ್ಮೂರನೇ ದಿನ ನೀ ಬಂದಾಗ ನಿಂಗೆ ಇದು ಗೊತ್ತಿತ್ತ?"

"ಗೊತ್ತಿತ್ತು."

"ಅಣ್ಣ ಹೇಳಿದ್ದಕ್ಕೆ ಆನು ನಂಬಿದ್ದಿಲ್ಲೆ ಅಕ್ಕಾ. ಊರವು ಹೇಳಿದ್ದಕ್ಕೂ ನಂಬಿದ್ದಿಲ್ಲೆ. ನೀ ಹೇಳಿದ ಮೇಲೆ ನಂಬಿದಿ. ನೀ ಗಾಡಿ ವಿಷಯ ಗೊತ್ತಿದ್ದವಳು, ನೀ ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ತಿಲ್ಲೆ ಹೇಳಿ ತಿಳ್ಕಂಡಿ."

ನಾನು ಪುಸ್ತಕವನ್ನು ಅವಳ ಕಡೆಗೆ ಚಾಚಿದೆ. ಅವಳು ಮತ್ತೆ ಹಾಳೆ ನೋಡಿದಳು.

"ಈ ಹಾಳೆ ನಂಗೆ ಬೇಕು. ಅಣ್ಣಂಗೆ ತೋರ್ಸವು."

ಅಡಿಗೆಕಟ್ಟೆಯ ಮೇಲೆ ಪುಸ್ತಕ ಇಟ್ಟು, ಅವಳ ಮೇಜಿನ ಮೇಲಿದ್ದ ಸ್ಕೇಲನ್ನು ಅಂಚಿಗೆ ಒತ್ತಿ, ಹರಿಯದಂತೆ ಹಾಳೆ ಬಿಡಿಸಿ ಕೊಟ್ಟೆ. ಅವಳು ಅದನ್ನು ಮಡಚಲಿಲ್ಲ. ಎರಡೂ ಕೈಯಲ್ಲಿ ಹಿಡಿದು ಒಳಕೋಣೆಗೆ ಹೋದಳು. ಕಾದೆ. ಅರ್ಧ ಹೆಚ್ಚಿದ ಲಿಂಬೆಹಣ್ಣು ಹಲಗೆಯ ಮೇಲೆ ಹಾಗೇ ಇತ್ತು. ಅವಳು ಹೊರಗೆ ಬರಲಿಲ್ಲ. ಚಪ್ಪಲಿ ಮೆಟ್ಟಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಬಸ್ಸಿಗೆ ಬಂದೆ.

ಮಗಳೇ, ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಇರುವುದು ಇಷ್ಟು. ಯಾವ ಗಾಡಿಗೆ ಯಾವ ಪ್ಯಾಡು ಎನ್ನುವುದನ್ನು ನಿನ್ನ ಫೋನು ಹೇಳುತ್ತದೆ. ಹಳೆಯದನ್ನು ಮಾತ್ರ ಕೈಯಲ್ಲಿ ಹಿಡಿದು ನೋಡು. ಒಂದೇ ಚಕ್ರದ ಎರಡು ಸಮ ಇಲ್ಲದಿದ್ದರೆ ಎದ್ದು ರಸ್ತೆ ದಾಟು. ಮೇಸ್ತ್ರಿಗೆ, ಗಿರಾಕಿಯ ಎದುರಿಗೇ, ಗಟ್ಟಿಯಾಗಿ ಹೇಳು. ಅವನು ಎರಡು ತಿಂಗಳು ಯಾರನ್ನೂ ಕಳಿಸದಿರಬಹುದು. ಕಳಿಸದಿರಲಿ.

ಪುಸ್ತಕ ನನ್ನ ಹತ್ತಿರವೇ ಇದೆ. ಸಿಸ್ಟರುಗಳು ಪೆನ್ಸಿಲು ಒತ್ತಿ ಬರೆಯಲು ಕಲಿಸಿದ್ದರು. ಹಾಳೆ ಹೋಗಿದ್ದರೂ ಅದರ ಕೆಳಗಿನ ಖಾಲಿ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಒತ್ತಿದ ಗೆರೆ ಎರಡೂ ಕಾಣುತ್ತವೆ.